ಮುಪ್ಪಿಲ್ಲದ ದೇಹದಲ್ಲಿ ಆತ್ಮದ ಪಾಡು

ದೇಹಕ್ಕೆ ಮುಪ್ಪು ಬಾರದಂತೆ ತಡೆಯಬಹುದೇ ಎಂಬುದು ಬಹುಕಾಲ ರಸವಾದಿಗಳು, ಸಿದ್ಧರು ಮತ್ತು ಪುರಾಣಕಾರರು ಕೇಳಿಕೊಳ್ಳುತ್ತಿದ್ದ ಪ್ರಶ್ನೆಯಾಗಿತ್ತು. ಈಗ ಅದು ಪ್ರಯೋಗಾಲಯದ ಪ್ರಶ್ನೆಯೂ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಲಾಂಜೆವಿಟಿ ಇಂಡಿಯಾ’ ಎಂಬ, ದೀರ್ಘಾಯುಷ್ಯವನ್ನು ಕುರಿತ ಸಂಶೋಧನಾ ಕಾರ್ಯಕ್ರಮ ನಡೆಯುತ್ತಿದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ವಯಸ್ಸಾದಂತೆಲ್ಲ ಜನರ ಮಿದುಳಿನಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ವರ್ಷವರ್ಷವೂ ಪರೀಕ್ಷಿಸಿ ದಾಖಲಿಸುತ್ತಿದೆ. ಇಂತಹ ಸಂಶೋಧನೆಗಳ ಸದ್ಯದ ಗುರಿ ಮುಪ್ಪನ್ನು ಅಳಿಸುವುದಲ್ಲ, ಮುಪ್ಪಿನ ಕಾಲದ ಆರೋಗ್ಯವನ್ನು ಕಾಪಾಡುವುದು. ಆದರೂ ಈ ದಾರಿಯಲ್ಲಿ ಸಾಕಷ್ಟು ದೂರ ಹೋದರೆ ಏನಾದೀತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ದೇಹ ಹಳೆಯದಾಗುವುದೇ ಇಲ್ಲ ಎಂದಾದರೆ, ದೇಹ ಹಳೆಯದಾಗುತ್ತದೆ ಎಂಬ ಅನುಭವದ ಮೇಲೆ ನಿಂತಿರುವ ಆತ್ಮವಿಚಾರದ ಗತಿಯೇನು?

ಮೊದಲು ಮುಪ್ಪು ನಿಲ್ಲುವುದು ಎಂದರೇನು ಎಂಬುದು ಸ್ಪಷ್ಟವಾಗಬೇಕು, ಏಕೆಂದರೆ ಈ ವಿಷಯದ ಚರ್ಚೆಗಳಲ್ಲಿ ಅರ್ಧದಷ್ಟು ಗೊಂದಲ ಹುಟ್ಟುವುದು ಮುಪ್ಪಿಲ್ಲದಿರುವುದನ್ನೂ ಸಾವಿಲ್ಲದಿರುವುದನ್ನೂ ಒಂದೇ ಎಂದು ಭಾವಿಸುವುದರಿಂದ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಜ್ 1825ರಲ್ಲಿ ಮರಣದ ಪಟ್ಟಿಗಳನ್ನು ಪರಿಶೀಲಿಸಿ ಒಂದು ನಿಯಮವನ್ನು ಕಂಡುಕೊಂಡ. ವಯಸ್ಕರಲ್ಲಿ ಸಾವಿನ ಸಂಭವ ವಯಸ್ಸಿನೊಂದಿಗೆ ಸುಮ್ಮನೆ ಏರುವುದಿಲ್ಲ, ಗುಣಿಸುತ್ತ ಏರುತ್ತದೆ; ಇಂದಿನ ಲೆಕ್ಕದಲ್ಲಿ ಸುಮಾರು 8 ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ. ಜೀವವಿಜ್ಞಾನದ ದೃಷ್ಟಿಯಲ್ಲಿ ಮುಪ್ಪೆಂದರೆ ಮೂಲತಃ ಈ ಏರಿಕೆ. ನರೆಗೂದಲು, ಸುಕ್ಕು, ಮಂಡಿನೋವು ಎಲ್ಲವೂ ಅದರ ಹೊರಗುರುತುಗಳು. ಈ ಏರಿಕೆ ಎಲ್ಲ ಜೀವಿಗಳಿಗೂ ಕಟ್ಟಿಟ್ಟದ್ದಲ್ಲ. ಸಿಹಿನೀರಿನಲ್ಲಿ ಬದುಕುವ ಹೈಡ್ರಾ ಎಂಬ ಪುಟ್ಟ ಜೀವಿಯನ್ನು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಸಾಕಿದರೂ ಅದರ ಸಾವಿನ ಸಂಭವ ವಯಸ್ಸಿನೊಂದಿಗೆ ಏರುವುದಿಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ದುಂಡುಹುಳು ಸಾಮಾನ್ಯವಾಗಿ ಎರಡು ಮೂರು ವಾರ ಬದುಕುತ್ತದೆ. 1993ರಲ್ಲಿ ಅಮೆರಿಕದ ಸಿಂಥಿಯಾ ಕೆನ್ಯನ್ ಮತ್ತು ಅವರ ತಂಡ ಅದರ ಒಂದೇ ವಂಶವಾಹಿಯಲ್ಲಿನ ಬದಲಾವಣೆಯಿಂದ ಆಯುಷ್ಯ ಇಮ್ಮಡಿಗೂ ಮೀರಿದ್ದನ್ನು ತೋರಿಸಿಕೊಟ್ಟರು. ಸಾಧಾರಣ ಹುಳು ಮುದಿಯಾಗಿ ಕದಲದೆ ಬಿದ್ದಿರುವ ದಿನಗಳಲ್ಲಿ ಬದಲಾದ ವಂಶವಾಹಿಯ ಹುಳು ಇನ್ನೂ ಎಳೆಯದರಂತೆ ಹರಿದಾಡುತ್ತಿತ್ತು. ಅದು ನರಳಾಟವನ್ನು ಎಳೆದು ಉದ್ದ ಮಾಡಿದ ಆಯುಷ್ಯವಾಗಿರಲಿಲ್ಲ.

ಮನುಷ್ಯನಲ್ಲಿಯೂ ಹೀಗೆ ಸಾವಿನ ಸಂಭವ ಯೌವನದ ಮಟ್ಟದಲ್ಲಿಯೇ ನಿಂತುಬಿಟ್ಟಿತು ಎಂದುಕೊಳ್ಳೋಣ. ಲೆಕ್ಕಕ್ಕಾಗಿ, ವರ್ಷಕ್ಕೆ ಸಾವಿರ ಜನರಲ್ಲಿ ಒಬ್ಬರು ಅಪಘಾತ, ಸೋಂಕು, ನೆರೆ, ಯುದ್ಧ ಇವುಗಳಿಂದ ತೀರಿಕೊಳ್ಳುತ್ತಾರೆ ಎಂದು ಹಿಡಿದರೆ, ಸುಮಾರು 690 ವರ್ಷ ಕಳೆಯುವ ಹೊತ್ತಿಗೆ ಅರ್ಧದಷ್ಟು ಜನ ಇರುವುದಿಲ್ಲ. ಐದು ಸಾವಿರ ವರ್ಷಗಳಾಗುವಾಗ ಸಾವಿರಕ್ಕೆ ಏಳು ಮಂದಿ ಉಳಿದಿರುತ್ತಾರೆ. ಅಂದರೆ ಮುಪ್ಪು ಹೋದರೂ ಸಾವು ಹೋಗುವುದಿಲ್ಲ. ಅದು ಯಾವ ಸೂಚನೆಯನ್ನೂ ಕೊಡದೆ, ಯಾವ ವರ್ಷದಲ್ಲಾದರೂ ಸಮಾನ ಸಂಭವದಿಂದ ಬರುತ್ತದೆ. ಮುಂದಿನ ಮಾತೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ನಮ್ಮ ಶಾಸ್ತ್ರಗಳು ಈ ಎರಡನ್ನೂ ಮೊದಲಿನಿಂದ ಬೇರೆಬೇರೆಯಾಗಿಯೇ ಎಣಿಸಿವೆ. ವೇದದ ಪದಗಳಿಗೆ ಅರ್ಥ ಹೇಳುವ ಯಾಸ್ಕರ ನಿರುಕ್ತದಲ್ಲಿ ಹುಟ್ಟಿದ ವಸ್ತುವಿಗೆ ಆರು ಭಾವವಿಕಾರಗಳನ್ನು ಹೇಳಲಾಗಿದೆ: ಹುಟ್ಟುತ್ತದೆ, ಇರುತ್ತದೆ, ಬದಲಾಗುತ್ತದೆ, ಬೆಳೆಯುತ್ತದೆ, ಕ್ಷೀಣಿಸುತ್ತದೆ, ನಾಶವಾಗುತ್ತದೆ. ವಿಜ್ಞಾನ ಅಳಿಸಹೊರಟಿರುವುದು ಐದನೆಯದನ್ನು ಮಾತ್ರ. ಆರನೆಯದು ಇದ್ದಲ್ಲಿಯೇ ಇರುತ್ತದೆ. ವೇದಾಂತದ ಪ್ರಕಾರ ಈ ಆರೂ ದೇಹಕ್ಕೆ ಸೇರಿದವು, ಆತ್ಮಕ್ಕೆ ಒಂದೂ ಇಲ್ಲ. ಹಾಗಾದರೆ ತಾತ್ತ್ವಿಕವಾಗಿ ಉತ್ತರ ಒಂದೇ ಸಾಲಿನಲ್ಲಿ ಮುಗಿಯಬೇಕು. ಆತ್ಮ ಎಂದೂ ಮುದಿಯಾಗಿರಲಿಲ್ಲ, ಆದ್ದರಿಂದ ದೇಹದ ಮುಪ್ಪು ನಿಂತರೆ ಅದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅನೇಕ ಪ್ರವಚನಗಳಲ್ಲಿ ಉತ್ತರ ಇಲ್ಲಿಗೇ ನಿಲ್ಲುತ್ತದೆ. ಈ ಉತ್ತರ ತಪ್ಪೆಂದು ಹೇಳಲಾಗದು, ಆದರೆ ಇದು ಬಹಳ ಅವಸರದ ಉತ್ತರ. ಆತ್ಮಕ್ಕೆ ಏನೂ ಆಗದಿರಬಹುದು. ತನ್ನೊಳಗೆ ಆತ್ಮವೊಂದಿದೆ ಎಂದು ಮನುಷ್ಯ ಅರಿತುಕೊಳ್ಳುವ ದಾರಿಗೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣನು ಅರ್ಜುನನಿಗೆ ಆತ್ಮದ ನಿತ್ಯತೆಯನ್ನು ವಿವರಿಸುವಾಗ ಆರಿಸಿಕೊಂಡ ದೃಷ್ಟಾಂತವನ್ನು ನೋಡಬೇಕು. ಈ ದೇಹದಲ್ಲಿ ದೇಹಿಗೆ ಕೌಮಾರ, ಯೌವನ, ಜರೆಗಳು ಹೇಗೋ ಹಾಗೆಯೇ ಇನ್ನೊಂದು ದೇಹದ ಪ್ರಾಪ್ತಿ ಎಂದು ಅವನು ಹೇಳುತ್ತಾನೆ. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಹೋಗುವ ವಾದವಿದು. ಎಪ್ಪತ್ತರ ಅಜ್ಜಿ ಕನ್ನಡಿಯ ಮುಂದೆ ನಿಂತಾಗ ಅಲ್ಲಿ ಕಾಣುವ ಮುಖ ಮದುವೆಯ ದಿನದ್ದಲ್ಲ. ಆದರೆ ನೋಡುತ್ತಿರುವವಳು ಅವಳೇ ಎಂಬುದರಲ್ಲಿ ಅವಳಿಗೆ ಅನುಮಾನವಿಲ್ಲ. ದೇಹ ಇಷ್ಟು ಬದಲಾಗಿಯೂ ‘ನಾನು’ ಬದಲಾಗಲಿಲ್ಲವಲ್ಲ ಎಂಬ ಈ ಅನುಭವವೇ ಶಾಸ್ತ್ರ ಓದದವರಿಗೂ ದೇಹ ಬೇರೆ, ದೇಹದಲ್ಲಿರುವವನು ಬೇರೆ ಎಂಬುದಕ್ಕೆ ದೊರೆಯುವ ಮೊದಲ ಸಾಕ್ಷ್ಯ. ಮೂವತ್ತರ ದೇಹದಲ್ಲಿಯೇ ಆರುನೂರು ವರ್ಷ ಇರುವವನಿಗೆ ಈ ಸಾಕ್ಷ್ಯ ಸಿಗುವುದಿಲ್ಲ. ಬಾಲ್ಯದಿಂದ ಯೌವನಕ್ಕೆ ಬಂದ ಬದಲಾವಣೆಯ ನೆನಪು ಅವನಿಗೂ ಇರಬಹುದು, ಆದರೆ ಅದು ಬೆಳವಣಿಗೆ. ಅದರಲ್ಲಿ ಯಾರಿಗೂ ದೇಹದಿಂದ ತಾನು ಬೇರೆ ಎನಿಸುವುದಿಲ್ಲ, ದೇಹ ತನ್ನ ಮಾತು ಕೇಳುತ್ತಿದೆ ಎನಿಸುತ್ತದೆ. ದೇಹ ಮಾತು ಕೇಳದೆ ಹೋದಾಗ ಮಾತ್ರ ಅದು ತಾನಲ್ಲ ಎಂಬುದು ಅನುಭವಕ್ಕೆ ಬರುತ್ತದೆ. ವೇದಾಂತಿಗಳು ದೇಹಾತ್ಮಬುದ್ಧಿ ಎಂದು ಕರೆಯುವ, ದೇಹವೇ ತಾನೆಂಬ ಭ್ರಮೆ ಮುಪ್ಪಿಲ್ಲದ ದೇಹದಲ್ಲಿ ಸಡಿಲವಾಗಲು ಕಾರಣವೇ ಉಳಿಯುವುದಿಲ್ಲ ಎಂಬುದು, ನನ್ನ ದೃಷ್ಟಿಯಲ್ಲಿ, ಈ ಇಡೀ ವಿಷಯದ ತಿರುಳು.

ಮುಪ್ಪು ಕೇವಲ ಸಾಕ್ಷ್ಯವಾಗಿರಲಿಲ್ಲ, ಗಡಿಯಾರವೂ ಆಗಿತ್ತು. ಗೃಹಸ್ಥನು ತನ್ನ ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಕಂಡಾಗ, ಮಗನಿಗೆ ಮಗ ಹುಟ್ಟಿದ್ದನ್ನು ಕಂಡಾಗ, ಅರಣ್ಯವನ್ನು ಆಶ್ರಯಿಸಬೇಕು ಎನ್ನುತ್ತದೆ ಮನುಸ್ಮೃತಿ. ವಾನಪ್ರಸ್ಥಕ್ಕೆ ಅದು ಇಂತಿಷ್ಟೇ ವರ್ಷ ಎಂದು ಸಂಖ್ಯೆ ಕೊಡದೆ ದೇಹದ ಗುರುತುಗಳನ್ನು ಕೊಟ್ಟಿದೆ. ಜೈನ ಪುರಾಣಗಳ ಅರಸರು ಒಂದೇ ಒಂದು ನರೆಗೂದಲನ್ನು ಕಂಡು ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಡುತ್ತಾರೆ. ಬಸವಣ್ಣನವರ ವಚನವಂತೂ ಮುಪ್ಪಿನ ಒಂದೊಂದು ಗುರುತನ್ನೂ ಎದುರಿಗಿಟ್ಟು ತೋರಿಸುತ್ತದೆ: “ನೆರೆ ಕೆನ್ನೆಗೆ, ತೆರೆ ಗಲ್ಲಕೆ, ಶರೀರ ಗೂಡುವೋಗದ ಮುನ್ನ, ಹಲ್ಲು ಹೋಗಿ ಬೆನ್ನು ಬಾಗಿ ಅನ್ಯರಿಗೆ ಹಂಗಾಗದ ಮುನ್ನ” ಎಂದು ಆರಂಭವಾಗಿ, ಕಾಲ ಮೇಲೆ ಕೈಯೂರಿ ಕೋಲು ಹಿಡಿಯುವ ಮುನ್ನ, ಮುಪ್ಪಿನಿಂದ ಒಪ್ಪವಳಿಯುವ ಮುನ್ನ, ಮೃತ್ಯು ಮುಟ್ಟುವ ಮುನ್ನ ಕೂಡಲಸಂಗಮದೇವನನ್ನು ಪೂಜಿಸು ಎಂದು ಅದು ಮುಗಿಯುತ್ತದೆ. ಮುಪ್ಪನ್ನು ಇಲ್ಲವಾಗಿಸಿದರೆ ಈ ಎಚ್ಚರಿಕೆಗಳೆಲ್ಲ ಒಂದೊಂದಾಗಿ ಕಳಚಿ ಬೀಳುತ್ತವೆ, ಕೊನೆಯದೊಂದನ್ನು ಬಿಟ್ಟು. ಉಳಿಯುವ ಆ ಒಂದು ಗಡುವಿನ ದಿನಾಂಕ ಮಾತ್ರ ಯಾರಿಗೂ ತಿಳಿದಿರುವುದಿಲ್ಲ.

ಮುಪ್ಪಿಲ್ಲದೆ ಸಾವು ಮಾತ್ರ ಇರುವ ಬದುಕು ಹೇಗಿರುತ್ತದೆ ಎಂದು ಊಹಿಸಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ಅದು ವಿವರವಾಗಿಯೇ ಇದೆ. ಜೈನ ಲೋಕವಿವರಣೆಯಲ್ಲಿ ದೇವತೆಗಳು ಗರ್ಭದಿಂದ ಹುಟ್ಟುವುದಿಲ್ಲ. ಪೂರ್ಣ ಯೌವನದಲ್ಲಿಯೇ ಕಾಣಿಸಿಕೊಳ್ಳುತ್ತಾರೆ, ಎಣಿಕೆಗೆ ಸಿಗದಷ್ಟು ಕಾಲ ಅದೇ ಯೌವನದಲ್ಲಿರುತ್ತಾರೆ, ಆಯುಷ್ಯಕರ್ಮ ತೀರಿದ ಕ್ಷಣದಲ್ಲಿ ಇಲ್ಲವಾಗುತ್ತಾರೆ. ಗೊಂಪರ್ಟ್ಜ್‌ನ ಏರಿಕೆ ಇಲ್ಲದ ಜೀವಿಗಳೆಂದರೆ ಇವರೇ. ಇನ್ನು ಮನುಷ್ಯಲೋಕದ, ಮೊದಲ ತೀರ್ಥಂಕರನಾಗಲಿದ್ದ ಆದಿದೇವನ ಆಯುಷ್ಯ 84 ಲಕ್ಷ ಪೂರ್ವ. ಒಂದು ಪೂರ್ವವೆಂದರೆ 84 ಲಕ್ಷವನ್ನು 84 ಲಕ್ಷದಿಂದ ಗುಣಿಸಿದಷ್ಟು ವರ್ಷಗಳು. ಅದರಲ್ಲಿ 20 ಲಕ್ಷ ಪೂರ್ವ ಕುಮಾರನಾಗಿ, 63 ಲಕ್ಷ ಪೂರ್ವ ಅರಸನಾಗಿ ಕಳೆದವು. ಒಟ್ಟು 83 ಭಾಗ ಭೋಗದಲ್ಲಿ ಕಳೆದು ಒಂದೇ ಒಂದು ಭಾಗ ಉಳಿದಿರುವಾಗಲೂ ತೀರ್ಥಂಕರನಾಗಬೇಕಾದ ಆ ಮಹಾಪುರುಷನಿಗೆ ವೈರಾಗ್ಯ ಬಂದಿರಲಿಲ್ಲ. ಚಿಂತೆಗೊಳಗಾದ ಇಂದ್ರನು ಆಯುಷ್ಯ ಮುಗಿಯಲಿದ್ದ ನೀಲಾಂಜನೆ ಎಂಬ ಅಪ್ಸರೆಯನ್ನು ಆಸ್ಥಾನದಲ್ಲಿ ನರ್ತಿಸಲು ಕಳಿಸುತ್ತಾನೆ. ನೃತ್ಯದ ನಡುವೆ, ಮುಖ ಬಾಡದೆ, ಹೆಜ್ಜೆ ತಪ್ಪದೆ, ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಆ ಕ್ಷಣದಲ್ಲಿಯೇ ನಿಲ್ಲಿಸುತ್ತಾನೆ. ನೃತ್ಯ ಮುಂದುವರಿಯುತ್ತದೆ, ಸಭೆಗೆ ಏನೂ ತಿಳಿಯುವುದಿಲ್ಲ. ಬದಲಾದದ್ದನ್ನು ಗುರುತಿಸಿದವನು ಆದಿದೇವನೊಬ್ಬನೇ, ಅವನಿಗೆ ವೈರಾಗ್ಯ ಹುಟ್ಟಿದ್ದು ಅದರಿಂದಲೇ.

ಮುಪ್ಪಿಲ್ಲದ ಸಮಾಜದ ಚಿತ್ರವನ್ನು ಇದಕ್ಕಿಂತ ನಿಖರವಾಗಿ ಬರೆಯುವುದು ಕಷ್ಟ. ಅಲ್ಲಿ ಸಾವು ಇದೆ, ಆದರೆ ಅದು ಕಾಣಿಸುವುದಿಲ್ಲ. ಹೋದವರ ಜಾಗದಲ್ಲಿ ಅವರಷ್ಟೇ ತರುಣರಾದ ಇನ್ನೊಬ್ಬರು ನಿಂತಿರುತ್ತಾರೆ. ಸಭೆ ನೃತ್ಯವನ್ನು ನೋಡುತ್ತಲೇ ಇರುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅದೇ ಕಾವ್ಯದಲ್ಲಿ ಆದಿದೇವನ ಹಿಂದಿನ ಜನ್ಮಗಳಲ್ಲೊಂದಾದ, ಸ್ವರ್ಗದ ಲಲಿತಾಂಗದೇವನಿಗೆ ಸಾಯುವ ಆರು ತಿಂಗಳ ಮೊದಲೇ ಕೊರಳ ಮಾಲೆ ಬಾಡಲಾರಂಭಿಸುತ್ತದೆ. ದೇಹಕ್ಕೆ ಮುಪ್ಪಿಲ್ಲದ ಕಡೆ ಹೂವಿಗಾದರೂ ಮುಪ್ಪು ಬರಲಿ ಎಂದು ಸಂಪ್ರದಾಯಕ್ಕೆ ಅನಿಸಿರಬೇಕು. ಮುನ್ಸೂಚನೆಯೇ ಇಲ್ಲದ ಸಾವು ಅದಕ್ಕೂ ದುಸ್ಸಹವಾಗಿತ್ತು.

ಇಷ್ಟು ದೀರ್ಘ ಯೌವನವುಳ್ಳ ದೇವತೆಗಳಿಗೆ ಜೈನಧರ್ಮ ಮೋಕ್ಷವನ್ನು ಕೊಡುವುದಿಲ್ಲ ಎಂಬುದು ಹೊರಗಿನವರಿಗೆ ಆಶ್ಚರ್ಯವೆನಿಸಬಹುದು. ಅವರು ಸಮ್ಯಗ್ದರ್ಶನದವರೆಗೆ, ಅಂದರೆ ಸರಿಯಾದ ಶ್ರದ್ಧೆಯವರೆಗೆ ಬರಬಲ್ಲರು, ಆದರೆ ವ್ರತಗಳನ್ನು ಸ್ವೀಕರಿಸಲಾರರು, ಸಂಯಮ ಅವರಿಗೆ ಸಾಧ್ಯವಿಲ್ಲ. ಮೋಕ್ಷಕ್ಕೆ ಮತ್ತೆ ಮನುಷ್ಯರಾಗಿಯೇ ಹುಟ್ಟಬೇಕು. ಗೀತೆಯೂ ಪುಣ್ಯ ಕ್ಷೀಣಿಸಿದಾಗ ಸ್ವರ್ಗದವರು ಮರ್ತ್ಯಲೋಕಕ್ಕೆ ಇಳಿಯುತ್ತಾರೆ ಎನ್ನುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಕಡೆಗಣಿಸಬಾರದು. ಆದಿದೇವನ 84 ಲಕ್ಷ ಪೂರ್ವಗಳ ಆಯುಷ್ಯ ಅವನ ಮೋಕ್ಷಕ್ಕೆ ಅಡ್ಡಿಯಾಗಲಿಲ್ಲ. ಅಂದರೆ ತೊಡಕು ಆಯುಷ್ಯದ ಉದ್ದದಲ್ಲಿಲ್ಲ. ಏನನ್ನೂ ಬಿಡಬೇಕಾದ ಪ್ರಸಂಗವೇ ಬಾರದ ಬದುಕಿನಲ್ಲಿದೆ. ಮುಪ್ಪಿಲ್ಲದ ಮನುಷ್ಯ ದೇವತೆಯಂತಾಗುವನೋ ಆದಿದೇವನಂತಾಗುವನೋ ಎಂಬುದು, ಹಾಗಾಗಿ, ಅವನ ಜೀವಕೋಶಗಳನ್ನು ನೋಡಿ ಹೇಳಬಹುದಾದ ಮಾತಲ್ಲ.

ಸೆಮಿಟಿಕ್ ಧರ್ಮಗಳಲ್ಲಿ ಪ್ರಶ್ನೆ ಇಷ್ಟು ತೊಡಕಾಗುವುದಿಲ್ಲ. ಅಲ್ಲಿ ಜೀವಕ್ಕೆ ಒಂದೇ ಬದುಕು, ಆಮೇಲೆ ತೀರ್ಪು. ಬೈಬಲಿನ ಆದಿಕಾಂಡ ಮೆತೂಷೆಲಹನಿಗೆ 969 ವರ್ಷ, ನೋಹನಿಗೆ 950 ವರ್ಷ ಆಯುಷ್ಯ ಹೇಳುತ್ತದೆ. ಕುರ್‌ಆನ್ ಕೂಡ ನೂಹ್ ಪ್ರವಾದಿ ತನ್ನ ಜನರ ನಡುವೆ 950 ವರ್ಷ ಇದ್ದರೆಂದು ಹೇಳಿ, ಪ್ರತಿಯೊಂದು ಜೀವವೂ ಮರಣದ ರುಚಿ ನೋಡಲಿದೆ ಎಂದು ಬೇರೆಡೆ ಸಾರುತ್ತದೆ. ಸಾವಿರ ವರ್ಷದ ಬದುಕು ಅಲ್ಲಿ ತೀರ್ಪಿನ ದಿನವನ್ನು ಮುಂದೂಡುತ್ತದೆ, ತೀರ್ಪನ್ನು ಬದಲಿಸುವುದಿಲ್ಲ.

ಮುಪ್ಪಿಲ್ಲದ ದೇಹವನ್ನು ದೇವತೆಗಳಿಗೆ ಬಿಟ್ಟುಕೊಡದೆ ತಾವೇ ಸಾಧಿಸಹೊರಟವರೂ ನಮ್ಮಲ್ಲಿದ್ದರು. ಆಯುರ್ವೇದದ ಎಂಟು ಅಂಗಗಳಲ್ಲಿ ಮುಪ್ಪನ್ನು ತಡೆಯುವ ಚಿಕಿತ್ಸೆಯಾದ ರಸಾಯನವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ಅದರಿಂದ. ಮುದುಕನಾದ ಚ್ಯವನ ಋಷಿಗೆ ಅಶ್ವಿನೀದೇವತೆಗಳು ಯೌವನವನ್ನು ಮರಳಿ ಕೊಟ್ಟ ಕಥೆಯನ್ನು ಮಹಾಭಾರತ ಯಾವ ಆಕ್ಷೇಪವೂ ಇಲ್ಲದೆ ಹೇಳುತ್ತದೆ. ಆದ್ದರಿಂದ ಮುಪ್ಪನ್ನು ನಿವಾರಿಸಲು ಹೊರಡುವುದೇ ಅಧರ್ಮ, ದೈವಕ್ಕೆ ಎದುರು ನಿಂತಂತೆ ಎಂಬ ಮಾತಿಗೆ ಈ ನೆಲದಲ್ಲಿ ಹೆಚ್ಚು ಆಧಾರವಿಲ್ಲ. ಆಕ್ಷೇಪ ಬಂದದ್ದು ಬೇರೆ ಕಡೆಯಿಂದ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುವಿಗೆ ಗೋರಕ್ಷ ಎದುರಾಗುತ್ತಾನೆ. ಗೋರಕ್ಷ ಸಾಧನೆಯಿಂದ ದೇಹವನ್ನು ವಜ್ರಕಾಯ ಮಾಡಿಕೊಂಡವನು. ಅದಕ್ಕೆ ಜರೆಯಿಲ್ಲ, ಆಯುಧದ ಭಯವಿಲ್ಲ. ಅಲ್ಲಮ ಕತ್ತಿಯಿಂದ ಹೊಡೆದರೆ ಲೋಹಕ್ಕೆ ಲೋಹ ತಾಗಿದಂತೆ ಸದ್ದು ಬರುತ್ತದೆ, ಗೋರಕ್ಷನಿಗೆ ಕೂದಲೂ ಕೊಂಕುವುದಿಲ್ಲ. ಅನಂತರ ಅದೇ ಕತ್ತಿಯಿಂದ ತನ್ನನ್ನು ಹೊಡೆಯಲು ಅಲ್ಲಮ ಹೇಳುತ್ತಾನೆ. ಗೋರಕ್ಷ ಬೀಸಿದ ಕತ್ತಿ ಬಯಲಲ್ಲಿ ಹಾದುಹೋದಂತೆ ಅಲ್ಲಮನ ಮೂಲಕ ಹಾದುಹೋಗುತ್ತದೆ. ಅಲ್ಲಿ ತಾಗಲು ಏನೂ ಇರುವುದಿಲ್ಲ.

ಈ ಪ್ರಸಂಗವನ್ನು ಪವಾಡದ ಪೈಪೋಟಿಯಂತೆ ಓದುವುದು ವಾಡಿಕೆ. ಆದರೆ ಅದರಲ್ಲಿರುವ ತರ್ಕ ಗಟ್ಟಿಯಾದದ್ದು. ದೇಹವನ್ನು ಕೆಡದಂತೆ ಮಾಡಿದವನು ದೇಹಕ್ಕೆ ಇನ್ನಷ್ಟು ಅಂಟಿಕೊಂಡಿದ್ದಾನೆ. ಅವನ ಸಾಧನೆಯೇ ಅವನ ಕಟ್ಟು. ಅಲ್ಲಮನ ಆಕ್ಷೇಪ ದೀರ್ಘಾಯುಷ್ಯದ ಮೇಲಲ್ಲ, ಅದನ್ನು ಮುಕ್ತಿಯೆಂದು ತಿಳಿದುಕೊಂಡದ್ದರ ಮೇಲೆ. ಇಂದು ಕೋಟಿಗಟ್ಟಲೆ ಹಣ ಸುರಿದು, ದಿನವೂ ರಕ್ತ ಪರೀಕ್ಷಿಸಿಕೊಂಡು, ತನ್ನ ಅಂಗಾಂಗಗಳ ವಯಸ್ಸನ್ನು ಲೆಕ್ಕ ಹಾಕುತ್ತ ಬದುಕುವ ಸಿರಿವಂತನನ್ನು ಕಂಡಾಗ ನನಗೆ ಗೋರಕ್ಷ ನೆನಪಾಗುತ್ತಾನೆ. ಮುಪ್ಪಿಲ್ಲದ ಲೋಕದಲ್ಲಿ ಸಾವು ಬರುವುದು ಅಪಘಾತ, ಸೋಂಕುಗಳಂತಹ ಹೊರಗಿನ ಕಾರಣಗಳಿಂದಲೇ ಆದುದರಿಂದ, ಕಳೆದುಕೊಳ್ಳಲು ಆರುನೂರು ವರ್ಷಗಳಿರುವವನು ರಸ್ತೆ ದಾಟಲೂ ಅಂಜಿಯಾನು.

ಇಷ್ಟು ಹೇಳಿದ ಮೇಲೆ, ಆತ್ಮೋನ್ನತಿಗೆ ಮುಪ್ಪು ಬೇಕೇ ಬೇಕು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅದು ಸರಿಯಲ್ಲ. ಮುಪ್ಪು ಬಂದ ಮಾತ್ರಕ್ಕೆ ವೈರಾಗ್ಯ ಬರುವುದಾಗಿದ್ದರೆ ಯಯಾತಿಯ ಕಥೆಯೇ ಹುಟ್ಟುತ್ತಿರಲಿಲ್ಲ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುದುಕನಾದ ಆ ಅರಸನಿಗೆ ಹುಟ್ಟಿದ್ದು ವಿರಕ್ತಿಯಲ್ಲ, ಇನ್ನಷ್ಟು ಆಸೆ. ಮಗ ಪೂರುವಿನ ಯೌವನವನ್ನು ಎರವಲು ಪಡೆದು ಸಾವಿರ ವರ್ಷ ಭೋಗಿಸಿದ ಮೇಲೆ, ಉಪಭೋಗದಿಂದ ಕಾಮ ಶಮನವಾಗುವುದಿಲ್ಲ, ತುಪ್ಪ ಸುರಿದ ಬೆಂಕಿಯಂತೆ ಬೆಳೆಯುತ್ತದೆ ಎಂಬ ಅರಿವು ಅವನಿಗೆ ಬಂತು. ಅವನಿಗೆ ಪಾಠ ಕಲಿಸಿದ್ದು ಮುಪ್ಪಲ್ಲ, ದೀರ್ಘವಾದ ಯೌವನ. ಇತ್ತ ನಚಿಕೇತ ಇನ್ನೂ ಹುಡುಗ. ಯಮನು ಅವನಿಗೆ ಎಷ್ಟು ಶರತ್ಕಾಲ ಬೇಕೋ ಅಷ್ಟು ಬದುಕು ಎಂದು ಆಯುಷ್ಯವನ್ನೇ ಮುಂದಿಡುತ್ತಾನೆ. ಎಷ್ಟೇ ಇದ್ದರೂ ಬದುಕೆಲ್ಲ ಅಲ್ಪವೇ ಎಂದು ನಚಿಕೇತ ಅದನ್ನು ಹಿಂದಿರುಗಿಸುತ್ತಾನೆ. ಪರಂಪರೆಯ ಪ್ರಕಾರ ಶಂಕರಾಚಾರ್ಯರು ಬದುಕಿದ್ದು 32 ವರ್ಷ. ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯೂ ತರುಣಿಯೇ. “ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ” ಎಂದ ಅವಳ ಮುಂದೆ ಕೆಡದ ಗಂಡರನ್ನೇ ತಂದು ನಿಲ್ಲಿಸಿದರೆ ಒಪ್ಪುತ್ತಿದ್ದಳೇ ಎಂದು ತಮಾಷೆಗೆ ಕೇಳಬಹುದು. ಒಪ್ಪುತ್ತಿರಲಿಲ್ಲ, ಅವಳು ಒಲಿದದ್ದು ಸಾವಿಲ್ಲದವನಿಗೆ ಮಾತ್ರವಲ್ಲ, ರೂಹಿಲ್ಲದವನಿಗೆ, ರೂಪವೇ ಇಲ್ಲದವನಿಗೆ.

ಮುಪ್ಪನ್ನು ಗುರುವೆಂದು ಹೊಗಳುವವರಲ್ಲಿ ಹೆಚ್ಚಿನವರು ಮುಪ್ಪಿನ ಒಳ್ಳೆಯ ಭಾಗವನ್ನು ಮಾತ್ರ ನೋಡಿದವರು ಎಂಬ ಅನುಮಾನವೂ ನನಗಿದೆ. ಮರೆವಿನ ಕಾಯಿಲೆಯಿಂದ ಮಕ್ಕಳ ಹೆಸರನ್ನೇ ಕಳೆದುಕೊಂಡ ತಂದೆಗೆ ಮುಪ್ಪು ಯಾವ ವಿವೇಕವನ್ನೂ ಕೊಡುವುದಿಲ್ಲ, ಇದ್ದುದನ್ನೂ ಕಿತ್ತುಕೊಳ್ಳುತ್ತದೆ. ಧ್ಯಾನಕ್ಕೆ ಕುಳಿತುಕೊಳ್ಳಲು ಬೆನ್ನು ನೆಟ್ಟಗಿರಬೇಕು, ಓದಲು ಕಣ್ಣು ಕಾಣಬೇಕು, ಕೇಳಲು ಕಿವಿ ಇರಬೇಕು. ಬಸವಣ್ಣನವರ ವಚನದ ಒತ್ತು ಇರುವುದೂ ಅಲ್ಲಿಯೇ: ಮುಪ್ಪು ಬಂದ ಮೇಲೆ ಪೂಜಿಸು ಎಂದು ಅವರು ಹೇಳಲಿಲ್ಲ. ಆ ವಚನದ ಪ್ರಕಾರ ಸಾಧನೆಗೆ ತಕ್ಕ ಕಾಲ ಯೌವನ, ಮುಪ್ಪು ಅದನ್ನು ಕಸಿಯುವ ಕಳ್ಳ. ಯೌವನ ಏಳು ಶತಮಾನ ಇರುವುದಾದರೆ ಸಾಧನೆಯ ಕಾಲ ಅಷ್ಟು ಹೆಚ್ಚಿದಂತೆಯೇ ಸರಿ. ಆ ಕಾಲವನ್ನು ಎಷ್ಟು ಜನ ಅದಕ್ಕೆ ಬಳಸುತ್ತಾರೆ ಎಂಬುದಕ್ಕೆ ಆದಿದೇವನ 83 ಲಕ್ಷ ಪೂರ್ವಗಳೇ ಉತ್ತರ ಹೇಳುತ್ತವೆ.

ನೆನಪಿನ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ವೇದಾಂತದ ಪ್ರಕಾರ ಸ್ಥೂಲಶರೀರ ಬಿದ್ದಾಗ ಸೂಕ್ಷ್ಮಶರೀರ ವಾಸನೆಗಳನ್ನು ಹೊತ್ತು ಮುಂದೆ ಹೋಗುತ್ತದೆ. ಘಟನೆಗಳ ನೆನಪು ಉಳಿಯುವುದಿಲ್ಲ, ಅವು ಬಿಟ್ಟುಹೋದ ಒಲವು ಮಾತ್ರ ಉಳಿಯುತ್ತದೆ. ಹಾಗೆ ನೋಡಿದರೆ ಸಾವು ಒಂದು ಬಗೆಯ ಮನ್ನಾ. ಮಹಾಭಾರತದಲ್ಲಿ ಮಲಗಿದ್ದವರನ್ನು ಕೊಂದ, ಗರ್ಭದಲ್ಲಿದ್ದ ಶಿಶುವಿನ ಮೇಲೆ ಅಸ್ತ್ರ ಬಿಟ್ಟ ಅಶ್ವತ್ಥಾಮನಿಗೆ ಕೃಷ್ಣ ಮರಣದಂಡನೆ ಕೊಡುವುದಿಲ್ಲ. ಮೂರು ಸಾವಿರ ವರ್ಷ ಒಬ್ಬನೇ ಅಲೆಯುವಂತೆ ಶಪಿಸುತ್ತಾನೆ. ಮಾಡಿದ್ದು ನೆನಪಿದ್ದು, ಸಾವು ಬಾರದಿರುವುದೇ ಅಲ್ಲಿ ಶಿಕ್ಷೆ. ಮುಪ್ಪಿಲ್ಲದ ಸಮಾಜದಲ್ಲಿ ಪ್ರತಿಯೊಬ್ಬರೂ ನಾಲ್ಕುನೂರು ವರ್ಷದ ಹಿಂದಿನ ಆಸ್ತಿಜಗಳವನ್ನೂ ಅವಮಾನವನ್ನೂ ಹೊತ್ತು ತಿರುಗಬೇಕಾದೀತು. ಅಥವಾ, ಮಿದುಳಿಗೆ ಅಷ್ಟು ಹಿಡಿಸದೆ, ಇಪ್ಪತ್ತರಲ್ಲಿ ಪ್ರೀತಿಸಿದವರ ಮುಖವೂ ಅಳಿಸಿಹೋದೀತು. ಆಗ ಅದೇ ದೇಹದಲ್ಲಿ ಸದ್ದಿಲ್ಲದೆ ಪುನರ್ಜನ್ಮ ನಡೆದಂತೆಯೇ ಲೆಕ್ಕ.

ಜೀವಕೋಶದ ಮಟ್ಟದಲ್ಲಿಯೂ ಇದನ್ನು ಹೋಲುವ ತೊಡಕೊಂದು ಎದುರಾಗಿದೆ. ಜಪಾನಿನ ಶಿನ್ಯ ಯಮನಕ 2006ರಲ್ಲಿ ನಾಲ್ಕು ಪ್ರೋಟೀನುಗಳ ಮೂಲಕ ಇಲಿಯ ಪ್ರೌಢ ಜೀವಕೋಶವನ್ನು ಭ್ರೂಣಕೋಶದ ಸ್ಥಿತಿಗೆ ಹಿಂದಿರುಗಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಮುಪ್ಪನ್ನು ಹಿಮ್ಮೆಟ್ಟಿಸುವ ಇಂದಿನ ಪ್ರಯತ್ನಗಳಲ್ಲಿ ಹಲವು ಇದನ್ನೇ ನೆಚ್ಚಿಕೊಂಡಿವೆ. ಆದರೆ ಪೂರ್ತಿ ಹಿಂದಕ್ಕೆ ಹೋದ ಕೋಶ ತಾನು ಏನಾಗಿದ್ದೆ ಎಂಬುದನ್ನು ಮರೆತಿರುತ್ತದೆ. ಚರ್ಮದ ಕೋಶ ಚರ್ಮದ್ದಾಗಿ ಉಳಿಯುವುದಿಲ್ಲ, ಜೀವಂತ ಇಲಿಯಲ್ಲಿ ಹೀಗಾದರೆ ಗಡ್ಡೆಗಳು ಬೆಳೆಯುತ್ತವೆ. ಆದ್ದರಿಂದ ಸಂಶೋಧಕರು ಈಗ ಕೋಶವನ್ನು ಅದರ ಗುರುತು ಅಳಿಯದಷ್ಟು ಮಾತ್ರ ಹಿಂದಕ್ಕೆ ಒಯ್ಯಲು ಯತ್ನಿಸುತ್ತಿದ್ದಾರೆ. ಇದರಿಂದ ಆತ್ಮದ ಬಗ್ಗೆ ಏನನ್ನೂ ಸಾಬೀತುಪಡಿಸಲಾಗದು. ಆದರೆ ಮಿದುಳಿನ ನರಕೋಶಗಳನ್ನು ಹೀಗೆ ಎಳೆಯದಾಗಿಸುವ ದಿನ ಬಂದರೆ, ಎಷ್ಟು ಅಳಿಸಿದ ಮೇಲೆಯೂ ಅದೇ ವ್ಯಕ್ತಿ ಎನ್ನಬಹುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕಾಗಿ ಬರುತ್ತದೆ.

ಕೊನೆಯಲ್ಲಿ ಉಳಿಯುವುದು ಹೊರಡುವ ಪ್ರಶ್ನೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನ ಸ್ವೀಕರಿಸಿ, ಅಂದರೆ ಆಹಾರ ತ್ಯಜಿಸುವ ಜೈನ ವ್ರತ ಹಿಡಿದು, ದೇಹ ಬಿಟ್ಟವರ ಶಾಸನಗಳು ಬಹಳಷ್ಟಿವೆ. ಏಳನೆಯ ಶತಮಾನದ ನಂದಿಸೇನ ಮುನಿಯ ಶಾಸನ “ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೋಲ್ ಮಂಜುವೋಲ್” ಎಂದು ಆರಂಭವಾಗುತ್ತದೆ; ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ರೂಪ, ಸಿರಿ, ವೈಭವಗಳೆಲ್ಲ ತೋರಿ ಮರೆಯಾಗುವುದನ್ನು ಕಂಡು ಅವನು ಸನ್ಯಸನ ಕೈಗೊಂಡನಂತೆ. ಆದರೆ ಸಲ್ಲೇಖನವನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಕೈಗೊಳ್ಳುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ನಾಲ್ಕು ಸಂದರ್ಭಗಳನ್ನು ಹೇಳಿದ್ದಾರೆ: ಉಪಸರ್ಗ (ಮೇಲೆರಗುವ ವಿಪತ್ತು), ದುರ್ಭಿಕ್ಷ, ಮುಪ್ಪು, ರೋಗ; ಅವು ಪರಿಹಾರವಿಲ್ಲದವಾಗಿರಬೇಕು ಎಂಬುದು ನಿಬಂಧನೆ. ಮುಪ್ಪಿಗೆ ಮದ್ದು ಸಿಕ್ಕ ದಿನ ಈ ಬಾಗಿಲುಗಳಲ್ಲಿ ಒಂದು ಮುಚ್ಚಿಹೋಗುತ್ತದೆ, ರೋಗಗಳಿಗೂ ಮದ್ದು ಸಿಕ್ಕರೆ ಇನ್ನೊಂದು. ನಮ್ಮ ಕಾನೂನೂ ಇದೇ ಜಾಡಿನಲ್ಲಿದೆ. ಘನತೆಯಿಂದ ಸಾಯುವ ಹಕ್ಕನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದೂ, 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿದ್ದೂ ಚೇತರಿಕೆಯ ಆಸೆಯಿಲ್ಲದ ರೋಗಿಗಳ ವಿಷಯದಲ್ಲಿ. ನಾಲ್ಕುನೂರು ವರ್ಷ ತುಂಬಿದ, ಮೂವತ್ತರ ಕಸುವಿನ, ಯಾವ ರೋಗವೂ ಇಲ್ಲದ ಒಬ್ಬ ಸಾಧಕಿ ಇನ್ನು ಸಾಕು ಎಂದು ನಿಶ್ಚಯಿಸಿದರೆ, ಇಂದಿನ ಶಾಸ್ತ್ರದ ಪ್ರಕಾರ ಅದು ಸಲ್ಲೇಖನವಲ್ಲ, ಆತ್ಮಹತ್ಯೆ. ಇಂದಿನ ಕಾನೂನಿನಲ್ಲಿಯೂ ಅವಳಿಗೆ ದಾರಿಯಿಲ್ಲ. ಅವಳು ದುರ್ಭಿಕ್ಷಕ್ಕೋ ಉಪಸರ್ಗಕ್ಕೋ ಕಾಯುತ್ತ ಕುಳಿತಿರಬೇಕಾಗುತ್ತದೆ, ಇಲ್ಲವೇ ಆಚಾರ್ಯರು ಐದನೆಯ ಸಂದರ್ಭವೊಂದನ್ನು ಸೇರಿಸಬೇಕಾಗುತ್ತದೆ.